ಮಳೆಗಾಲ ಪೂರ್ತಿ ನಿಂತಲ್ಲೇ ನಿಂತ ಸ್ಕೂಟರ್ ಸ್ಟಾರ್ಟ್ ಆಗ್ತಿಲ್ವಾ? ಮೊದಲು ಸೆಲ್ಫ್ ಬಟನ್‌ನಿಂದ ಕೈ ತೆಗೆಯಿರಿ

ತೀರ್ಥಹಳ್ಳಿಯಲ್ಲಿ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. ಹುಬ್ಬೆ ಮಳೆ ಕಳೆದು ಒಂದೆರಡು ದಿನ ಬಿಸಿಲು ಬಿತ್ತು ಅಂದರೆ ಸಾಕು, ಒಳಗಿನ ಊರುಗಳಿಂದ ಸ್ಕೂಟರ್‌ಗಳು ಗೂಡ್ಸ್ ಆಟೋ ಹತ್ತಿ ಬರೋಕೆ ಶುರುವಾಗುತ್ತವೆ. ಆಗುಂಬೆ ಕಡೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತೆ. ಆರಿದ್ರೆ ಮಳೆ ಹಿಡಿದ ಮೇಲೆ ಮಣ್ಣು ರಸ್ತೆಯಲ್ಲಿ ಸ್ಕೂಟರ್ ಓಡಿಸೋದು ಕಷ್ಟ. ಕೊಟ್ಟಿಗೆ ಪಕ್ಕದಲ್ಲೋ ಸೌದೆ ಕೊಟ್ಟಿಗೆಯಲ್ಲೋ ನಿಲ್ಲಿಸಿ, ಟಾರ್ಪಾಲು ಹೊದಿಸಿ, ಮೂರು ತಿಂಗಳು ಬಸ್ಸಿನಲ್ಲೇ ಓಡಾಡುವ ಮನೆಗಳು ನಮ್ಮಲ್ಲಿ ತುಂಬಾ.

ಹಾಗೆ ಬಂದ ಸ್ಕೂಟರ್‌ಗಳಲ್ಲಿ ಎಂಜಿನ್ ನಿಜವಾಗಿ ಕೆಟ್ಟಿರೋದು ಬಹಳ ಅಪರೂಪ. ಬ್ಯಾಟರಿ ಇಳಿದಿರುತ್ತೆ, ಇಲ್ಲವೇ ಪೆಟ್ರೋಲ್ ಹಾಳಾಗಿರುತ್ತೆ, ಇಲ್ಲವೇ ಎಲ್ಲೋ ಒಂದು ಕಡೆ ತೇವ ಕೂತಿರುತ್ತೆ. ಇದರಲ್ಲಿ ಅರ್ಧದಷ್ಟನ್ನು ಮನೆ ಅಂಗಳದಲ್ಲೇ ಸರಿ ಮಾಡಬಹುದು. ಆಟೋ ಬಾಡಿಗೆ ಕೊಟ್ಟು ಇಲ್ಲಿವರೆಗೆ ಹೊತ್ತು ತರೋದು ಬೇಡ ಅಂತಲೇ ಇದನ್ನು ಬರೆಯುತ್ತಿದ್ದೇನೆ. ಯಾರಾದರೂ "ಎಂಜಿನ್ ಬಿಚ್ಚಬೇಕು" ಅಂದರೆ, ಕೆಳಗಿನದನ್ನೆಲ್ಲ ನೋಡಿ ಆಗುವ ತನಕ ಒಪ್ಪಬೇಡಿ.

ಮೊದಲು ಗಾಡಿಯನ್ನು ಬಯಲಿಗೆ ತನ್ನಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ಹೊಗೆ ಒಳಗೇ ತುಂಬುತ್ತೆ, ಅದು ಪ್ರಾಣಕ್ಕೆ ಅಪಾಯ. ಇನ್ನೊಂದು ವಿಷಯ ನಮ್ಮ ಕಡೆಯವರಿಗೇ ಹೇಳಬೇಕು. ಬಚ್ಚಲ ಒಲೆ ಉರೀತಾ ಇದ್ದರೆ, ಅಡಿಕೆ ಬೇಯಿಸೋ ಒಲೆ ಹಚ್ಚಿದ್ದರೆ, ಅದರ ಹತ್ತಿರ ಪೆಟ್ರೋಲ್ ಕೆಲಸ ಬೇಡವೇ ಬೇಡ. ಪೆಟ್ರೋಲ್ ಆವಿ ನೆಲ ಹಿಡಿದು ಹರಿಯುತ್ತೆ, ದೂರದ ಬೆಂಕಿಯನ್ನೂ ಮುಟ್ಟುತ್ತೆ.

ಗಾಡಿ ತಳ್ಳುವಾಗಲೇ ಹಿಂದಿನ ಚಕ್ರ ತಿರುಗದೆ ಹಟ ಹಿಡಿದರೆ ಹೆದರಬೇಡಿ. ಡ್ರಮ್ ಬ್ರೇಕಿನ ಒಳಗೆ ತುಕ್ಕು ಹಿಡಿದು ಬ್ರೇಕ್ ಶೂ ಅಂಟಿಕೊಂಡಿರುತ್ತೆ. ಎಂಜಿನ್ ಜಾಮ್ ಆಗಿದೆ ಅಂತ ಜನ ಗಾಬರಿ ಆಗೋದು ಇಲ್ಲೇ. ಮುಂದೆ ಹಿಂದೆ ಜಗ್ಗಿ ತಳ್ಳಿ, ಹೆಚ್ಚಿನ ಸಲ ಟಕ್ ಅಂತ ಬಿಟ್ಟುಕೊಳ್ಳುತ್ತೆ. ಬಿಡದೇ ಇದ್ದರೆ ಚಕ್ರ ಬಿಚ್ಚಿಸಿ. ಡ್ರಮ್ಮಿಗೆ ಎಣ್ಣೆ ಮಾತ್ರ ಬಿಡಬೇಡಿ, ಆಮೇಲೆ ಬ್ರೇಕೇ ಹಿಡಿಯಲ್ಲ.

ಇನ್ನು ಕೀ ತಿರುಗಿಸಿ. ಕೊಪ್ಪ ಕಡೆಯ ಒಬ್ಬರು ನಿವೃತ್ತ ಮೇಷ್ಟ್ರು ಪ್ರತಿ ವರ್ಷ ಚೌತಿ ಹೊತ್ತಿಗೆ ಫೋನ್ ಮಾಡುತ್ತಾರೆ.

"ಏನಪ್ಪಾ, ಸೆಲ್ಫ್ ಒತ್ತಿದರೆ ಏನೂ ಇಲ್ಲ."

"ಬ್ರೇಕ್ ಹಿಡಿದು ಒತ್ತಿದ್ರಾ ಮೇಷ್ಟ್ರೇ?"

"ಹಿಡಿದೇ ಒತ್ತಿದೆ. ಟಕ್ ಟಕ್ ಅನ್ನುತ್ತೆ ಅಷ್ಟೇ."

"ಹಾರ್ನ್ ಹೇಗಿದೆ?"

"ದನಿಯೇ ಇಲ್ಲ ಕಣಪ್ಪಾ."

ಇಷ್ಟು ಕೇಳಿದರೆ ನನಗೆ ಸಾಕು. ಹಾರ್ನ್ ಸೊರಗಿದೆ, ಟಕ್ ಟಕ್ ಶಬ್ದ ಬರುತ್ತೆ ಅಂದರೆ ಬ್ಯಾಟರಿಯಲ್ಲಿ ಸ್ಟಾರ್ಟರ್ ಮೋಟಾರ್ ತಿರುಗಿಸುವಷ್ಟು ಶಕ್ತಿ ಉಳಿದಿಲ್ಲ. ಹಾರ್ನ್ ಗಟ್ಟಿಯಾಗಿದ್ದು ಸೆಲ್ಫ್ ಮಾತ್ರ ಸುಮ್ಮನಿದ್ದರೆ ಬೇರೆ ಕಡೆ ಹುಡುಕಬೇಕು. ಬ್ರೇಕ್ ಹಿಡಿಯದೆ ಸೆಲ್ಫ್ ತಿರುಗಲ್ಲ, ಅದಕ್ಕೇ ಬ್ರೇಕ್ ಹಿಡಿದಾಗ ಹಿಂದಿನ ಕೆಂಪು ದೀಪ ಹತ್ತುತ್ತಾ ನೋಡಿ. ಹತ್ತದಿದ್ದರೆ ಬ್ರೇಕ್ ಲಿವರ್ ಹತ್ತಿರದ ಸ್ವಿಚ್ಚಿನಲ್ಲಿ ಕಿಲುಬು ಕೂತಿರಬಹುದು, ಇನ್ನೊಂದು ಬ್ರೇಕ್ ಹಿಡಿದು ಒತ್ತಿ ನೋಡಿ. ಸೈಡ್ ಸ್ಟ್ಯಾಂಡ್ ಸ್ವಿಚ್ ಇರುವ ಹೊಸ ಗಾಡಿಯಾದರೆ ಸ್ಟ್ಯಾಂಡ್ ಪೂರ್ತಿ ಮೇಲೆತ್ತಿ. ಅಲ್ಲಿ ಕೆಸರು ಒಣಗಿ ಗಟ್ಟಿಯಾಗಿದ್ದರೆ ಸ್ಟ್ಯಾಂಡ್ ಮೇಲಿದ್ದರೂ ಗಾಡಿಗೆ ಗೊತ್ತಾಗಲ್ಲ. ಎಂಜಿನ್ ಆಫ್ ಮಾಡುವ ಕಿಲ್ ಸ್ವಿಚ್ ಹ್ಯಾಂಡಲ್‌ನಲ್ಲಿ ಇದ್ದರೆ ಅದನ್ನೂ ನೋಡಿ. ಕೀ ಹಾಕಿದರೆ ಯಾವ ದೀಪವೂ ಬರಲಿಲ್ಲವಾ? ಫ್ಯೂಸ್ ತೆಗೆದು ನೋಡಿ.

ಬ್ಯಾಟರಿ ಅಳೆಯೋಕೆ ಒಂದು ಮಲ್ಟಿಮೀಟರ್ ಇಟ್ಟುಕೊಂಡರೆ ಒಳ್ಳೆಯದು. ಗಾಡಿ ಆಫ್ ಇರುವಾಗ 12.6 ವೋಲ್ಟ್ ಮೇಲೆ ತೋರಿಸಿದರೆ ಚಾರ್ಜ್ ತುಂಬಿದೆ. 12ಕ್ಕಿಂತ ಕೆಳಗಿದ್ದರೆ ಖಾಲಿ ಅಂತಲೇ ಲೆಕ್ಕ. ಸ್ಕೂಟರ್ ಬ್ಯಾಟರಿ ತುಂಬಾ ಸಣ್ಣದು, ಸುಮಾರು 3ರಿಂದ 5 ಆಂಪಿಯರ್ ಅವರ್. ಅದಕ್ಕೆ ಕಾರಿನ ದೊಡ್ಡ ಚಾರ್ಜರ್ ಹಾಕಿದರೆ ಕಾದು ಹಾಳಾಗುತ್ತೆ. ಅರ್ಧ ಆಂಪಿಯರ್ ಒಳಗಿನ ನಿಧಾನದ ಚಾರ್ಜರ್‌ನಲ್ಲಿ ರಾತ್ರಿಯಿಡೀ ಇಡಿ. ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಂಡರೆ ಉಪ್ಪು ಕಾಗದದಲ್ಲಿ ಲೋಹ ಹೊಳೆಯುವ ತನಕ ಉಜ್ಜಿ, ಆಮೇಲೆ ಚೂರು ವ್ಯಾಸಲೀನ್ ಸವರಿ. ಚಾರ್ಜ್ ಮಾಡಿ ಒಂದು ದಿನ ಸುಮ್ನೆ ಬಿಟ್ಟಾಗ ಮತ್ತೆ 12ರ ಹತ್ತಿರಕ್ಕೆ ಇಳಿದರೆ ಆ ಬ್ಯಾಟರಿಯ ಆಯಸ್ಸು ಮುಗಿದಿದೆ, ಹೊಸದು ತನ್ನಿ.

ಬ್ಯಾಟರಿ ಸರಿ ಇದೆ, ಸೆಲ್ಫ್ ಚೆನ್ನಾಗಿ ತಿರುಗುತ್ತೆ, ಗಾಡಿ ಮಾತ್ರ ಹಿಡಿಯಲ್ಲ ಅಂದರೆ ಬಟನ್ ಒತ್ತುತ್ತಲೇ ಇರಬೇಡಿ. ಒಂದು ಸಲಕ್ಕೆ ಐದು ಸೆಕೆಂಡ್ ಸಾಕು, ನಡುವೆ ಹತ್ತು ಸೆಕೆಂಡ್ ಬಿಡಿ. ಮೂರ್ನಾಲ್ಕು ಸಲಕ್ಕೆ ಹಿಡಿಯಲಿಲ್ಲ ಅಂದರೆ ನಿಲ್ಲಿಸಿ, ಪೆಟ್ರೋಲ್ ಕಡೆ ನೋಡಿ. ನಮ್ಮ ಮಳೆಗಾಲದ ನಿಜವಾದ ತೊಂದರೆ ಇರೋದು ಇಲ್ಲಿ.

ಈಗ ಬಂಕಿನಲ್ಲಿ ಸಾಮಾನ್ಯವಾಗಿ ಸಿಗೋದು ಎಥನಾಲ್ ಬೆರೆಸಿದ ಪೆಟ್ರೋಲ್. 20 ಪರ್ಸೆಂಟ್ ಎಥನಾಲ್ ಇರುವ ಪೆಟ್ರೋಲ್ ಮಾರಾಟ 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಾರ್ಯಕ್ರಮದಲ್ಲೇ ಶುರುವಾಗಿದ್ದು. ಎಥನಾಲ್‌ಗೆ ನೀರನ್ನು ಎಳೆದುಕೊಳ್ಳುವ ಗುಣ ಇದೆ. ದಿನಾ ಓಡುವ ಗಾಡಿಗೆ ಇದು ದೊಡ್ಡ ವಿಷಯ ಅಲ್ಲ, ಪೆಟ್ರೋಲ್ ಖರ್ಚಾಗಿ ಹೊಸದು ಬರುತ್ತಾ ಇರುತ್ತೆ. ಆದರೆ ಅರ್ಧ ಖಾಲಿ ಟ್ಯಾಂಕ್, ಗೋಡೆಯೂ ಬೆವರುವ ಆಷಾಢದ ತೇವ, ಮೂರು ತಿಂಗಳು ಅಲುಗಾಡದೆ ನಿಂತ ಗಾಡಿ, ಇವು ಮೂರೂ ಸೇರಿದರೆ ಕಥೆ ಬೇರೆ. ನೀರು ಒಂದು ಮಟ್ಟ ದಾಟಿದ ಮೇಲೆ ಎಥನಾಲನ್ನೂ ಜೊತೆಗೆ ಕರೆದುಕೊಂಡು ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತೆ. ಎಂಜಿನ್ ಮೊದಲು ಎಳೆದುಕೊಳ್ಳೋದು ತಳದಲ್ಲಿ ಇರೋದನ್ನೇ.

2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನೋ ಹೊಗೆ ನಿಯಮ ಬರುವ ಮುಂಚಿನ ಸ್ಕೂಟರ್‌ಗಳಲ್ಲಿ ಹೆಚ್ಚಿನವಕ್ಕೆ ಕಾರ್ಬೊರೇಟರ್, ಅಂದರೆ ಪೆಟ್ರೋಲನ್ನು ಗಾಳಿ ಜೊತೆ ಬೆರೆಸಿ ಎಂಜಿನ್‌ಗೆ ಕಳಿಸುವ ಭಾಗ, ಇರುತ್ತೆ. ಹಳೇ ಆಕ್ಟಿವಾ ಇದ್ದವರು ಇದನ್ನು ನೀವೇ ನೋಡಬಹುದು. ಕೀ ಆಫ್ ಮಾಡಿ, ಸೆಂಟರ್ ಸ್ಟ್ಯಾಂಡ್ ಹಾಕಿ. ಕಾರ್ಬೊರೇಟರ್ ತಳದ ಬಟ್ಟಲಿಗೆ ಒಂದು ಡ್ರೈನ್ ಸ್ಕ್ರೂ ಇರುತ್ತೆ, ಅದರಿಂದ ಸಣ್ಣ ಪೈಪ್ ಕೆಳಗೆ ಇಳಿದಿರುತ್ತೆ. ಪೈಪಿನ ಬಾಯಿಗೆ ಬಣ್ಣ ಇಲ್ಲದ ಗಾಜಿನ ಬಾಟಲಿ ಹಿಡಿದು ಸ್ಕ್ರೂ ನಿಧಾನ ಸಡಿಲಿಸಿ. ಲೋಹ ಮೆದು, ಜೋರು ಮಾಡಿದರೆ ತಲೆ ಸವೆಯುತ್ತೆ. ಇಳಿದದ್ದು ಒಂದೆರಡು ಚಮಚ ಇದ್ದೀತು, ಬಾಟಲಿಯನ್ನು ಬೆಳಕಿಗೆ ಎದುರಾಗಿ ಹಿಡಿದು ಎರಡು ನಿಮಿಷ ಅಲುಗಾಡಿಸದೆ ನೋಡಿ. ಒಳ್ಳೆಯ ಪೆಟ್ರೋಲ್ ಆದರೆ ಮೇಲಿನಿಂದ ಕೆಳಗಿನವರೆಗೆ ಒಂದೇ ತಿಳಿ. ನೀರು ಸೇರಿದ್ದರೆ ಮೊದಲು ಮಬ್ಬು ಮಬ್ಬಾಗಿರುತ್ತೆ, ಆಮೇಲೆ ತಳದಲ್ಲಿ ಬೇರೆಯೇ ಒಂದು ಪದರ ನಿಂತು ನಡುವೆ ಗೆರೆ ಕಾಣುತ್ತೆ. ಬಾಟಲಿ ವಾಲಿಸಿದರೆ ಆ ಗೆರೆಯೂ ವಾಲುತ್ತೆ. ಕೆಲವೊಮ್ಮೆ ಕಂದು ಬಣ್ಣದ ತುಕ್ಕಿನ ಕಣಗಳೂ ಇರುತ್ತವೆ.

ಗೆರೆ ಕಂಡರೆ ಟ್ಯಾಂಕಿನ ಪೆಟ್ರೋಲನ್ನೂ ಪೂರ್ತಿ ತೆಗೆಸಿ ಹೊಸದು ಹಾಕಬೇಕು. ಹಳೆಯದರ ಮೇಲೆ ಹೊಸದು ಸುರಿದರೆ ತಳದ ನೀರು ತಳದಲ್ಲೇ ಇರುತ್ತೆ. ತೆಗೆದದ್ದನ್ನು ತೋಟಕ್ಕೋ ಚರಂಡಿಗೋ ಚೆಲ್ಲಬೇಡಿ, ಬಾವಿ ನೀರು ಕೆಡುತ್ತೆ. ಬಿಗಿ ಮುಚ್ಚಳದ ಕ್ಯಾನಿನಲ್ಲಿ ಗ್ಯಾರೇಜಿಗೆ ಕೊಡಿ.

ಬಟ್ಟಲಿನಿಂದ ಒಂದು ಹನಿಯೂ ಬರಲಿಲ್ಲ ಅಂದರೆ ಅಲ್ಲಿದ್ದ ಪೆಟ್ರೋಲ್ ಆವಿಯಾಗಿ ಹೋಗಿದೆ. ಆಕ್ಟಿವಾದಂಥ ಗಾಡಿಯಲ್ಲಿ ಎಂಜಿನ್ ಎಳೆತದಿಂದಲೇ ಪೆಟ್ರೋಲ್ ಬಾಗಿಲು ತೆರೆಯೋದು. ಅದಕ್ಕೇ ಬಟ್ಟಲು ತುಂಬೋಕೆ ಹತ್ತಿಪ್ಪತ್ತು ಕಿಕ್ ಬೇಕಾಗುತ್ತೆ. ಚೋಕ್ ಇದ್ದರೆ ಎಳೆದು, ಆಕ್ಸಿಲರೇಟರ್ ಮುಟ್ಟದೆ, ಸಮಾಧಾನವಾಗಿ ಒದೆಯಿರಿ. ಸ್ಟಾರ್ಟ್ ಆಗಿ, ಆಕ್ಸಿಲರೇಟರ್ ಬಿಟ್ಟ ಕೂಡಲೇ ಆಫ್ ಆಗುತ್ತಿದ್ದರೆ ಕಾರ್ಬೊರೇಟರ್ ಒಳಗಿನ ಸ್ಲೋ ಜೆಟ್ ಅನ್ನೋ ಸಣ್ಣ ನಳಿಕೆ ಕಟ್ಟಿದೆ. ಅದರ ತೂತು ಕೂದಲೆಳೆ ಗಾತ್ರದ್ದು, ಒಣಗಿದ ಪೆಟ್ರೋಲಿನ ಅಂಟು ಅಲ್ಲೇ ಕೂರೋದು. ಅದನ್ನು ಕಾರ್ಬೊರೇಟರ್ ಕ್ಲೀನರ್ ಹಾಕಿ ಗಾಳಿ ಹೊಡೆದು ಬಿಡಿಸಬೇಕು. ತಂತಿ, ಸೂಜಿ ತೂರಿಸಬೇಡಿ. ತೂತು ದೊಡ್ಡದಾದರೆ ಆಮೇಲೆ ಮೈಲೇಜ್ ಮತ್ತೆ ಬರಲ್ಲ.

ಬಿಎಸ್6 ಗಾಡಿಗೆ ಕಾರ್ಬೊರೇಟರ್ ಇಲ್ಲ, ಪೆಟ್ರೋಲ್ ಒತ್ತಿ ಕಳಿಸುವ ಪಂಪ್ ಮತ್ತು ಅದನ್ನು ಎಂಜಿನ್‌ಗೆ ಚಿಮ್ಮಿಸುವ ಇಂಜೆಕ್ಟರ್ ಇರುತ್ತೆ. ಕೀ ಆನ್ ಮಾಡಿ ಕಿವಿ ಕೊಟ್ಟು ಕೇಳಿ. ಎರಡು ಮೂರು ಸೆಕೆಂಡ್ ಗುಂಯ್ ಅಂತ ಪಂಪ್ ಶಬ್ದ ಬರಬೇಕು, ಮೀಟರಿನ ಎಂಜಿನ್ ದೀಪ ಹತ್ತಿ ಆರಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಪಂಪ್ ಕೆಲಸ ಮಾಡಲ್ಲ, ಆಗ ಎಷ್ಟು ಕಿಕ್ ಒದ್ದರೂ ಕಾಲು ನೋವು ಅಷ್ಟೇ. ಬ್ಯಾಟರಿ ತುಂಬಿದ್ದೂ ದೀಪ ಆರದೆ ಮಿನುಗುತ್ತಿದ್ದರೆ ಸರ್ವಿಸ್ ಸೆಂಟರಿನ ಸ್ಕ್ಯಾನರ್ ಬೇಕು. ಈ ಗಾಡಿಗಳ ಪೆಟ್ರೋಲ್ ಪೈಪ್ ಮನೆಯಲ್ಲಿ ಬಿಚ್ಚಬೇಡಿ, ಒಳಗೆ ಒತ್ತಡ ಇರುತ್ತೆ, ಮುಖಕ್ಕೆ ಚಿಮ್ಮುತ್ತೆ.

ಪೆಟ್ರೋಲ್ ಸರಿ ಇದ್ದರೆ ಕಿಡಿ ಹೊಡೆಯುವ ಸ್ಪಾರ್ಕ್ ಪ್ಲಗ್ ನೋಡಿ. ಬಿಚ್ಚಿದಾಗ ಒದ್ದೆಯಾಗಿದ್ದು ಪೆಟ್ರೋಲ್ ವಾಸನೆ ಬಂದರೆ ಜಾಸ್ತಿ ಒದ್ದು ಎಂಜಿನ್ ಒಳಗೆ ಪೆಟ್ರೋಲ್ ಓವರ್ ಆಗಿದೆ. ಒರೆಸಿ, ಬಿಸಿಲಿಗಿಟ್ಟು ಒಣಗಿಸಿ ಹಾಕಿ. ಒಣಗಿಯೇ ಇದ್ದರೆ ಎಂಜಿನ್‌ಗೆ ಪೆಟ್ರೋಲೇ ಬರುತ್ತಿಲ್ಲ. ಕಿಡಿ ನೋಡಬೇಕಾದರೆ ಪ್ಲಗ್ ಕ್ಯಾಪಿಗೆ ಹಾಕಿ, ಪ್ಲಗ್ಗಿನ ಲೋಹ ಎಂಜಿನ್ ಲೋಹಕ್ಕೆ ಗಟ್ಟಿಯಾಗಿ ತಾಗಿಸಿಡಿ, ಪ್ಲಗ್ ತೂತಿನಿಂದ ದೂರ ಇರಲಿ. ಬರಿಗೈಯಲ್ಲಿ ಹಿಡಿಯಬೇಡಿ. ಸುತ್ತ ಪೆಟ್ರೋಲ್ ವಾಸನೆ ಇದ್ದರೆ ಈ ಪರೀಕ್ಷೆ ಬೇಡ. ಕಿಡಿ ನೀಲಿಯಾಗಿ ಚಟ್ ಅನ್ನಬೇಕು. ಮಂಕು ಹಳದಿ ಇದ್ದರೆ ಹೊಸ ಪ್ಲಗ್ ಹಾಕಿ ನೋಡಿ, ಅದೇನು ದೊಡ್ಡ ಖರ್ಚಲ್ಲ. ಕ್ಯಾಪಿನ ಒಳಗೆ ತೇವ ಇದ್ದರೂ ಹೀಗೇ ಆಗುತ್ತೆ, ಒಣಬಟ್ಟೆಯಲ್ಲಿ ಒರೆಸಿ.

ಇಷ್ಟೆಲ್ಲ ಸರಿ ಇದ್ದೂ ಹಿಡಿಯದಿದ್ದರೆ ಜೀವಿಗಳ ಕಡೆ ನೋಡಿ. ಕುಂಬಾರ ಹುಳ ಸೈಲೆನ್ಸರ್ ಬಾಯಿಗೆ ಮಣ್ಣಿನ ಗೂಡು ಕಟ್ಟುತ್ತೆ. ಹೊಗೆ ಹೊರಗೆ ಹೋಗದೆ ಎಂಜಿನ್ ಉಸಿರಾಡಲ್ಲ. ಟಾರ್ಚ್ ಬಿಟ್ಟು ನೋಡಿ, ಗೂಡಿದ್ದರೆ ಕಡ್ಡಿಯಿಂದ ಹೊರಕ್ಕೆ ಎಳೆಯಿರಿ, ಒಳಕ್ಕೆ ದೂಡಬೇಡಿ. ಏರ್ ಫಿಲ್ಟರ್ ಡಬ್ಬಿ ಇಲಿಗೆ ಇಷ್ಟವಾದ ಜಾಗ, ಬೆಚ್ಚಗೆ ಒಣಗಿರುತ್ತೆ. ಸೌದೆ ಕೊಟ್ಟಿಗೆಯಲ್ಲಿ ನಿಂತ ಗಾಡಿಯ ಡಬ್ಬಿ ಬಿಚ್ಚಿದರೆ ಅಡಿಕೆ ಸಿಪ್ಪೆಯ ನಾರು, ಗೋಣಿಚೀಲದ ಚೂರು ಸಿಗೋದು ಮಾಮೂಲು. ಇಲಿ ಬಂದ ಗುರುತು ಕಂಡರೆ ವೈರ್ ಮತ್ತು ಸಣ್ಣ ರಬ್ಬರ್ ಪೈಪುಗಳ ಮೇಲೆ ಪೂರ್ತಿ ಕೈಯಾಡಿಸಿ ನೋಡಿ, ಎಲ್ಲೋ ಒಂದು ಕಡೆ ಕಡಿದಿರುತ್ತೆ. ಎಣ್ಣೆ ಸವರಿದ ಕಾಗದದ ಫಿಲ್ಟರ್ ಆದರೆ ಗಾಳಿ ಹೊಡೆದು ಉಪಯೋಗವಿಲ್ಲ, ಬದಲಾಯಿಸಿ.

ಸ್ಟಾರ್ಟ್ ಆಯ್ತಾ? ತಕ್ಷಣ ಎಳೆಯಬೇಡಿ. ಐದು ನಿಮಿಷ ನಿಂತಲ್ಲೇ ಓಡಲಿ, ಆಮೇಲೆ ಆಫ್ ಮಾಡಿ ಆಯಿಲ್ ಕಡ್ಡಿ ತೆಗೆದು ನೋಡಿ. ಹಾಲು ಹಾಕಿದ ಕಾಫಿ ಬಣ್ಣ ಬಂದಿದ್ದರೆ ಆಯಿಲ್‌ಗೆ ನೀರು ಸೇರಿದೆ, ಓಡಿಸದೆ ಆಯಿಲ್ ಬದಲಿಸಿ. ಟೈರಿಗೆ ಗಾಳಿ ಬೇಕೇ ಬೇಕು. ಆಕ್ಟಿವಾಕ್ಕಾದರೆ ಮುಂದೆ 22, ಹಿಂದೆ ಒಬ್ಬರೇ ಹೋದರೆ 29, ಇಬ್ಬರಾದರೆ 36 ಪಿಎಸ್‌ಐ. ಮೊದಲ ಒಂದು ಕಿಲೋಮೀಟರ್ ನಿಧಾನ ಹೋಗಿ, ಬ್ರೇಕ್ ಹಗುರಾಗಿ ಹಿಡಿದು ಬಿಟ್ಟು ಮಾಡಿ, ಡ್ರಮ್ಮಿನ ತುಕ್ಕು ಉಜ್ಜಿ ಹೋಗುತ್ತೆ. ಆಗುಂಬೆ ಘಾಟಿ ಇಳಿಯೋ ಯೋಚನೆ ಇದ್ದರೆ ಬ್ರೇಕ್ ಪೂರ್ತಿ ಹಿಡಿಯುತ್ತೆ ಅಂತ ಖಾತ್ರಿ ಆದ ಮೇಲೇ ಹೊರಡಿ.

ಮುಂದಿನ ವರ್ಷ ಗಾಡಿ ನಿಲ್ಲಿಸುವ ಮುಂಚೆ ಟ್ಯಾಂಕ್ ಕತ್ತಿನವರೆಗೆ ತುಂಬಿಸಿ, ಖಾಲಿ ಜಾಗ ಇಲ್ಲದಿದ್ದರೆ ತೇವಕ್ಕೂ ಜಾಗ ಇಲ್ಲ. ಕಾರ್ಬೊರೇಟರ್ ಬಟ್ಟಲು ಖಾಲಿ ಮಾಡಿ. ಬ್ಯಾಟರಿ ಬಿಚ್ಚಿ ಮನೆಯೊಳಗೆ ಒಣಗಿದ ಜಾಗದಲ್ಲಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ವಾರಕ್ಕೊಂದು ಸಲ ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವ ಅಭ್ಯಾಸ ಬೇಡ. ಅಷ್ಟರಲ್ಲಿ ಬ್ಯಾಟರಿ ತುಂಬಲ್ಲ, ಸೈಲೆನ್ಸರ್ ಒಳಗೆ ನೀರು ಕೂರುತ್ತೆ. ಟಾರ್ಪಾಲನ್ನು ನೆಲದವರೆಗೆ ಬಿಗಿಯಾಗಿ ಕಟ್ಟಬೇಡಿ, ಕೆಳಗಿನಿಂದ ಗಾಳಿ ಆಡಲಿ. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿದರೆ ಹುಳ ಬರಲ್ಲ, ಆದರೆ ಆ ಬಟ್ಟೆಯ ಒಂದು ತುದಿ ಹೊರಗೆ ಉದ್ದಕ್ಕೆ ಇಳಿಬಿಟ್ಟಿರಿ ಮತ್ತು ಕೀಗೆ ಒಂದು ಕೆಂಪು ದಾರ ಕಟ್ಟಿಡಿ, ಚೌತಿ ಗಡಿಬಿಡಿಯಲ್ಲಿ ಗಾಡಿ ತೆಗೆಯೋದು ಮನೆಯ ಬೇರೆ ಯಾರೋ ಆಗಿರಬಹುದು.