ಸೀಮೆಸುಣ್ಣದ ಗೋಡೆ ಪಕ್ಕ ಎರಡು ದಿನ

"ಅಮ್ಮಾ, ಇದು ಬರೆಯುತ್ತೆ ನೋಡು!" ಅಂತ ಮಗಳು ಕೂಗಿದಳು.

ಇಂಗ್ಲೆಂಡಿನ ಕರಾವಳಿಯ ಮಾರ್ಗೇಟ್ ಪೇಟೆ ದಾಟಿ, ಕ್ಲಿಫ್ಟನ್‌ವಿಲ್‌ನಲ್ಲಿ ಬಂಡೆಯ ಬುಡದ ಕೆಳದಾರಿಗೆ ಸೈಕಲ್ಲಿನಲ್ಲಿ ಆಗಷ್ಟೇ ಇಳಿದಿದ್ದೆವು. ಎಡಕ್ಕೆ ಸಮುದ್ರ. ಬಲಕ್ಕೆ ಸುಣ್ಣ ಬಳಿದ ಗೋಡೆಯ ಹಾಗೆ ನೆಟ್ಟಗೆ ನಿಂತ ಬಂಡೆ. ಅದರಿಂದ ಉದುರಿದ್ದ ಒಂದು ತುಂಡನ್ನು ಎತ್ತಿಕೊಂಡು ಅವಳು ಕಾಂಕ್ರೀಟಿನ ಮೇಲೆ ತನ್ನ ಹೆಸರಿನ ಮೊದಲ ಅಕ್ಷರ ಬರೆದಿದ್ದಳು. ದಪ್ಪಗೆ, ಬೆಳ್ಳಗೆ ಮೂಡಿತ್ತು.

ನಾವು ಶಾಲೆಯಲ್ಲಿ ಸೀಮೆಸುಣ್ಣ ಅಂತಿದ್ದೆವಲ್ಲ, ಸೀಮೆಯಿಂದ ಬಂದ ಸುಣ್ಣ. ಆ ಮಾತಿನ ಅರ್ಥ ನನಗೆ ಸರಿಯಾಗಿ ಹೊಳೆದದ್ದು ಆವತ್ತೇ. ಈಗ ಶಾಲೆಗಳಲ್ಲಿ ಸಿಗುವ ಕಡ್ಡಿ ಬಹುತೇಕ ಜಿಪ್ಸಮ್‌ನದು. ಇಲ್ಲಿ ಕಣ್ಣೆದುರಿಗೆ ಇದ್ದದ್ದು ಅಸಲಿ ಸೀಮೆಸುಣ್ಣ. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದಲ್ಲಿ ತೇಲುತ್ತಿದ್ದ, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳ ಚಿಪ್ಪು ತಳಕ್ಕೆ ಬಿದ್ದು ಬಿದ್ದು ಆದದ್ದು. ಮಗಳಿಗೆ ಇದನ್ನು ಹೇಳಿದೆ. ಅವಳು ಇನ್ನೊಂದು ತುಂಡು ಎತ್ತಿ ಜೇಬಿಗೆ ಹಾಕಿಕೊಂಡಳು.

ನಾನು ಸೈಕಲ್ ಕಲಿತದ್ದು ತಿಪಟೂರಿನಲ್ಲಿ, ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲಿನಲ್ಲಿ, ಒಳಪೆಡ್ಲು ಹೊಡೆದು. ಲಂಡನ್‌ಗೆ ಬಂದು ಎಷ್ಟೋ ವರ್ಷದ ಮೇಲೆ ಮತ್ತೆ ಒಂದು ಸೈಕಲ್ ತಗೊಂಡೆ. ಮೂರನೇ ವಾರದಲ್ಲೇ ಒಂದು ಲಾರಿ ನನ್ನ ಹ್ಯಾಂಡಲ್‌ಗೆ ಗೇಣು ದೂರದಲ್ಲಿ ಹಾದುಹೋಯಿತು. ಕೈ ನಡುಗುತ್ತಿತ್ತು. ಇಳಿದು ಮನೆತನಕ ತಳ್ಳಿಕೊಂಡು ಬಂದೆ. ಆಮೇಲೆ ಒಂದು ವರ್ಷ ಆ ಸೈಕಲ್ ಬಾಗಿಲ ಹಿಂದೆ ನಿಂತಿತ್ತು. ಅದನ್ನು ಮತ್ತೆ ಹೊರಗೆ ತೆಗೆಸಿದ್ದು ಗಾಡಿ ಓಡಾಡದ ದಾರಿಗಳು. ಮೊದಲು ಕಾಲುವೆ ಪಕ್ಕದವು, ಆಮೇಲೆ ಕಿತ್ತುಹಾಕಿದ ರೈಲು ಹಳಿಯ ಜಾಗದಲ್ಲಿ ಮಾಡಿದವು, ಈಗ ಈ ಸಮುದ್ರದಂಚಿನ ದಾರಿ.

ಇಂಗ್ಲೆಂಡಿನ ಆಗ್ನೇಯ ಮೂಲೆಯಲ್ಲಿ, ಕೆಂಟ್ ಜಿಲ್ಲೆಯ ತುದಿಯಲ್ಲಿ ಥ್ಯಾನೆಟ್ ಇದೆ. ಹಿಂದೆ ಅದು ನಿಜವಾದ ದ್ವೀಪವಾಗಿತ್ತು. ಮಧ್ಯೆ ಇದ್ದ ವಾಂಟ್ಸಮ್ ಕಾಲುವೆ ಹೂಳು ತುಂಬಿ ಈಗ ಹೊಲವಾಗಿದೆ. ಈ ಹಳೇ ದ್ವೀಪವನ್ನು ಸುತ್ತುಹಾಕುವ ಸೈಕಲ್ ದಾರಿಗೆ ವೈಕಿಂಗ್ ಕೋಸ್ಟಲ್ ಟ್ರೇಲ್ ಅಂತ ಹೆಸರು. ವೈಕಿಂಗರು ಅಂದರೆ ಸಾವಿರ ವರ್ಷದ ಹಿಂದೆ ಉತ್ತರ ಯೂರೋಪಿನಿಂದ ಹಡಗಿನಲ್ಲಿ ದಾಳಿಗೆ ಬರುತ್ತಿದ್ದವರು. ಒಟ್ಟು ಸುಮಾರು 51 ಕಿಲೋಮೀಟರ್. ಗಟ್ಟಿಗರು ಒಂದೇ ದಿನದಲ್ಲಿ ಮುಗಿಸುತ್ತಾರೆ. ನಾವು ಎರಡು ದಿನ ತಗೊಂಡೆವು. ನನ್ನ ಕೇಳಿದರೆ ಎರಡು ದಿನವೇ ಸರಿ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಡೀ ದಾರಿ ಗಾಡಿ ಇಲ್ಲದ್ದಲ್ಲ. ಸಮುದ್ರದ ಅಂಚಿನಲ್ಲಿ ಬಹುಪಾಲು ಹಾಗಿದೆ. ಊರುಗಳ ಒಳಗೆ ಸ್ವಲ್ಪ ರಸ್ತೆ ಬರುತ್ತದೆ. ಒಳನಾಡಿನಲ್ಲಿ ಹಳ್ಳಿ ರಸ್ತೆಗಳು, ಅಲ್ಲಿ ಆಗಾಗ ಒಂದು ಕಾರು, ಒಂದು ಟ್ರಾಕ್ಟರ್. ಹನ್ನೆರಡು ವರ್ಷದ ಹುಡುಗಿ ಆರಾಮಾಗಿ ಬಂದಳು. ಆದರೆ ಈಗಷ್ಟೇ ಕಲಿತ ಮಗುವನ್ನು ಕರೆದುಕೊಂಡು ಹೋಗುವುದಾದರೆ ಬರೀ ಸಮುದ್ರದ ಪಾಲನ್ನು ಮಾಡಿ, ಸಾಕು.

ಇಲ್ಲಿ ಗಾಡಿಯ ಚಿಂತೆ ಬಿಟ್ಟರೆ ಗಾಳಿಯ ಚಿಂತೆ ಹಿಡಿಯುತ್ತದೆ. ಈ ಕಡೆ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ. ಹಾಗಾಗಿ ನಾನು ಗಡಿಯಾರದ ಮುಳ್ಳು ತಿರುಗುವ ದಿಕ್ಕನ್ನೇ ಹಿಡಿದೆ. ಮಾರ್ಗೇಟ್‌ನಿಂದ ಪೂರ್ವಕ್ಕೆ, ತಿರುಗಿ ಬ್ರಾಡ್‌ಸ್ಟೇರ್ಸ್, ರಾಮ್ಸ್‌ಗೇಟ್, ಅಲ್ಲಿಂದ ಹೊಲಗಳ ನಡುವೆ ಪಶ್ಚಿಮಕ್ಕೆ ರಿಕಲ್ವರ್, ಕೊನೆಗೆ ಸಮುದ್ರದ ತಡೆಗೋಡೆ ಮೇಲೆ ವಾಪಸ್ ಮಾರ್ಗೇಟ್. ಹೀಗೆ ಮಾಡಿದರೆ ಎದುರುಗಾಳಿ ಹೊಲದಲ್ಲಿ ಸಿಗುತ್ತದೆ. ಮರೆಯೇ ಇಲ್ಲದ ತಡೆಗೋಡೆ ಮೇಲೆ ಗಾಳಿ ಬೆನ್ನಿಗೆ ಇರುತ್ತದೆ. ಉಲ್ಟಾ ಹೊರಟರೆ ಆ ತಡೆಗೋಡೆಯೇ ನಿಮ್ಮ ಜೀವ ಹಿಂಡುತ್ತದೆ.

ಇನ್ನೊಂದು, ಉಬ್ಬರ ಇಳಿತದ ವೇಳೆ. ಬಂಡೆಯ ಬುಡದ ಕಾಂಕ್ರೀಟ್ ದಾರಿಗೆ ಉಬ್ಬರದ ಹೊತ್ತಲ್ಲಿ, ಗಾಳಿಯೂ ಜೋರಾಗಿದ್ದರೆ, ಅಲೆ ಹಾರಿ ಬೀಳುತ್ತದೆ. ನೆಲ ಜಾರುತ್ತದೆ. ಹಿಂದಿನ ರಾತ್ರಿ ಫೋನಿನಲ್ಲಿ ವೇಳೆ ನೋಡಿಕೊಂಡು ಕೆಳದಾರಿಗೆ ಇಳಿತದ ಹೊತ್ತನ್ನೇ ಇಟ್ಟುಕೊಂಡಿದ್ದೆ. ಬಂಡೆಗೆ ಒರಗಿ ಕೂತು ಊಟ ಮಾಡುವುದಂತೂ ಬೇಡವೇ ಬೇಡ. ಅದು ಮೆತ್ತನೆ ಕಲ್ಲು, ಮಳೆ ಬಂದ ಮೇಲೆ ಉದುರುತ್ತಲೇ ಇರುತ್ತದೆ.

ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ನಿಂದ ಮಾರ್ಗೇಟ್‌ಗೆ ರೈಲಿನಲ್ಲಿ ಒಂದೂವರೆ ಗಂಟೆ. ವಾರದ ದಿನ ಆಫೀಸಿನ ಹೊತ್ತಲ್ಲಿ ಸೈಕಲ್ ಬಿಡುವುದಿಲ್ಲ, ಶನಿವಾರ ತೊಂದರೆಯಿಲ್ಲ. ಸೈಕಲ್ ಏನೂ ವಿಶೇಷದ್ದಲ್ಲ. ಮಾಮೂಲಿ ಗಿಯರ್ ಸೈಕಲ್, ಸ್ವಲ್ಪ ದಪ್ಪ ಟಯರ್. ಕ್ಯಾರಿಯರ್ ಎರಡೂ ಬದಿಗೆ ಒಂದೊಂದು ಚೀಲ. ಒಂದರಲ್ಲಿ ಬಟ್ಟೆ, ಮಳೆ ಕೋಟು. ಇನ್ನೊಂದರಲ್ಲಿ ಎರಡು ಟ್ಯೂಬು, ಪಂಪು, ಟಯರ್ ಬಿಚ್ಚುವ ಪ್ಲಾಸ್ಟಿಕ್ ಪಟ್ಟಿ, ಪುಳಿಯೋಗರೆ ಡಬ್ಬಿ, ಕಡಲೆ ಮಿಠಾಯಿ. ಕಡಲೆ ಮಿಠಾಯಿಯಷ್ಟು ಒಳ್ಳೆ ಸೈಕಲ್ ತಿಂಡಿ ಬೇರೆ ಇಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ. ಕರಗುವುದಿಲ್ಲ, ಕೆಡುವುದಿಲ್ಲ, ತಕ್ಷಣ ಶಕ್ತಿ.

ಕೆಳದಾರಿಯಲ್ಲಿ ವಾಲ್ಪೋಲ್ ಬೇಯ ಈಜುಕೊಳ ಸಿಗುತ್ತದೆ. 1937ರಲ್ಲಿ ಸಮುದ್ರದೊಳಗೇ ಗೋಡೆ ಕಟ್ಟಿ ಮಾಡಿದ್ದು. ಉಬ್ಬರದ ನೀರು ಗೋಡೆ ದಾಟಿ ಬಂದು ತುಂಬುತ್ತದೆ, ಇಳಿತದಲ್ಲಿ ಒಳಗೇ ನಿಲ್ಲುತ್ತದೆ. ಅಲ್ಲಿಂದ ಮುಂದೆ ಬಾಟನಿ ಬೇ. ಸೈಕಲ್ಲನ್ನು ಮೇಲೆಯೇ ಬೀಗ ಹಾಕಿ ಬಿಟ್ಟು ಕಾಲ್ನಡಿಗೆಯಲ್ಲಿ ಮರಳಿಗೆ ಇಳಿಯಿರಿ. ಬಂಡೆಯ ಗೋಡೆಯಿಂದ ಬೇರೆಯಾಗಿ ಒಂಟಿಯಾಗಿ ನಿಂತ ಬಿಳಿ ಸುಣ್ಣಕಲ್ಲಿನ ಕಂಬಗಳಿವೆ. ಅವುಗಳ ನಡುವೆ ನಿಂತಾಗ ಅಲೆಯ ಸದ್ದು ಎಲ್ಲಾ ಕಡೆಯಿಂದ ಬರುತ್ತದೆ.

ಕಿಂಗ್ಸ್‌ಗೇಟ್ ದಾಟಿದ ಮೇಲೆ ನನ್ನ ಹಿಂದಿನ ಚಕ್ರ ಮೆತ್ತಗಾಯಿತು. ಪಂಕ್ಚರ್. ಹುಲ್ಲಿನ ಮೇಲೆ ಸೈಕಲ್ ತಲೆಕೆಳಗೆ ನಿಲ್ಲಿಸಿ ಚಕ್ರ ಬಿಚ್ಚಿದೆ. ಹೊಸ ಟ್ಯೂಬ್ ಹಾಕುವ ಮುಂಚೆ ಟಯರಿನ ಒಳಗೆ ಸುತ್ತಲೂ ಬೆರಳಾಡಿಸಬೇಕು. ತಿಪಟೂರಿನ ಸೈಕಲ್ ಶಾಪಿನಲ್ಲಿ ನೋಡಿ ನೋಡಿ ಕಲಿತದ್ದು. ಚುಚ್ಚಿದ್ದು ಅಲ್ಲೇ ಉಳಿದಿದ್ದರೆ ಹೊಸ ಟ್ಯೂಬೂ ಐದೇ ನಿಮಿಷದಲ್ಲಿ ಹೋಗುತ್ತದೆ. ಮೊದಲ ಸುತ್ತಿನಲ್ಲಿ ಏನೂ ಸಿಗಲಿಲ್ಲ. ಮಗಳ ಬೆರಳು ಸಣ್ಣದು, ಅವಳಿಗೆ ಕೊಟ್ಟೆ. ನಿಧಾನವಾಗಿ ಆಡಿಸಿದಳು, ನಿಲ್ಲಿಸಿದಳು. "ಇಲ್ಲಿ ಏನೋ ಕೊರೀತಾ ಇದೆ ಅಮ್ಮಾ." ಉಗುರಿನಿಂದ ಹೊರಗೆ ಒತ್ತಿ ತೆಗೆದೆವು. ಅಕ್ಕಿಕಾಳಿನಷ್ಟು ಉದ್ದ, ಕಪ್ಪು, ಗಾಜಿನ ಚೂರಿನ ಹಾಗೆ ಒಂದು ಅಂಚು ಹೊಳೆಯುತ್ತಿತ್ತು. ಚಕಮಕಿ ಕಲ್ಲು.

ಆ ಬಿಳಿ ಬಂಡೆಯೊಳಗೆ ಅಡ್ಡಡ್ಡಕ್ಕೆ ಕಪ್ಪು ಗೆರೆ ಎಳೆದ ಹಾಗೆ ಕಾಣುವುದು ಇದೇ ಕಲ್ಲು. ಸುಣ್ಣ ಅಲೆಗೆ ಸವೆದುಹೋಗುತ್ತದೆ, ಚಕಮಕಿ ಉಳಿಯುತ್ತದೆ. ಒಡೆದರೆ ಚಾಕುವಿನಷ್ಟು ಚೂಪು. ಶಿಲಾಯುಗದ ಜನ ಇದರಿಂದಲೇ ಆಯುಧ ಮಾಡಿಕೊಂಡರು. ಈ ಕರಾವಳಿಗೆ ಸೈಕಲ್ ತರುವವರು ಗಟ್ಟಿ ಟಯರ್ ಹಾಕಿಸಿ, ಟ್ಯೂಬ್ ಎರಡು ಇಟ್ಟುಕೊಳ್ಳಿ. ಕಲ್ಲುಪುಡಿ ಬಿದ್ದ ಕಡೆ ಇಳಿದು ತಳ್ಳುವುದೇ ಒಳ್ಳೆಯದು.

ನಾರ್ತ್ ಫೋರ್‌ಲ್ಯಾಂಡ್ ಲೈಟ್‌ಹೌಸ್ ಹತ್ತಿರ ಸ್ವಲ್ಪ ಏರು, ಸ್ವಲ್ಪ ರಸ್ತೆ. ಬ್ರಿಟನ್ನಿನಲ್ಲಿ ಕಾವಲುಗಾರರು ಕೊನೆತನಕ ಉಳಿದಿದ್ದ ಲೈಟ್‌ಹೌಸ್ ಇದು. 1998ರಲ್ಲಿ ಇಲ್ಲಿಯೂ ಯಂತ್ರ ಬಂತು. ಬ್ರಾಡ್‌ಸ್ಟೇರ್ಸ್‌ನಲ್ಲಿ ಜನ ಜಾಸ್ತಿ, ಇಳಿದು ತಳ್ಳಿದೆವು. ರಾತ್ರಿ ರಾಮ್ಸ್‌ಗೇಟ್‌ನಲ್ಲಿ ಉಳಿದೆವು. ಸಂಜೆ ಮರದ ತುಂಬಾ ಕಿರಿಚಾಟ. ತಲೆಯೆತ್ತಿ ನೋಡಿದರೆ ಹಸಿರು ಗಿಳಿಗಳು! ನಮ್ಮ ತೋಟದಲ್ಲಿ ಸೀಬೆಹಣ್ಣು ಕಚ್ಚಿ ಬೀಳಿಸುತ್ತಿದ್ದವಲ್ಲ, ಅದೇ ಕೊರಳಪಟ್ಟಿಯ ಗಿಳಿ. ಪಂಜರದಿಂದ ತಪ್ಪಿಸಿಕೊಂಡವುಗಳ ಸಂತತಿ ಇಲ್ಲಿ ನೆಲೆಯಾಗಿದೆ. ಆ ಸದ್ದು ಕೇಳಿ ನನಗೆ ಅಮ್ಮನಿಗೆ ಫೋನ್ ಮಾಡಬೇಕು ಅನ್ನಿಸಿತು, ಮಾಡಿದೆ.

ಎರಡನೇ ದಿನ ಉದ್ದದ ದಿನ. ರಾಮ್ಸ್‌ಗೇಟ್ ಬಿಟ್ಟರೆ ಪೆಗ್ವೆಲ್ ಬೇ. ನೀರಿನ ಮೇಲೂ ನೆಲದ ಮೇಲೂ ಓಡುವ ಹೋವರ್‌ಕ್ರಾಫ್ಟ್‌ಗಳು ಫ್ರಾನ್ಸಿಗೆ ಇಲ್ಲಿಂದಲೇ ಹೋಗುತ್ತಿದ್ದವು. ಆ ನಿಲ್ದಾಣದ ಕಾಂಕ್ರೀಟಿನ ಬಿರುಕುಗಳಲ್ಲಿ ಈಗ ಗಿಡ ಬೆಳೆದಿದೆ. ಪಕ್ಕದಲ್ಲೇ ಹ್ಯೂಗಿನ್ ಅನ್ನುವ ವೈಕಿಂಗ್ ಹಡಗಿನ ಮಾದರಿ. 1949ರಲ್ಲಿ ಡೆನ್ಮಾರ್ಕಿನಿಂದ ಸಮುದ್ರ ದಾಟಿಸಿ ತಂದದ್ದು. ಸುಸ್ತಾದವರಿಗೆ ಒಂದು ಮಾತು. 2023ರಲ್ಲಿ ಇಲ್ಲೇ ಹತ್ತಿರ ಥ್ಯಾನೆಟ್ ಪಾರ್ಕ್‌ವೇ ಅಂತ ಹೊಸ ಸ್ಟೇಷನ್ ಆಗಿದೆ, ರೈಲು ಹತ್ತಿಬಿಡಬಹುದು.

ಮಿನ್‌ಸ್ಟರ್ ಹಳ್ಳಿ ಆದಮೇಲೆ ಎದುರುಗಾಳಿ ಶುರು. ಎರಡೂ ಕಡೆ ಎಲೆಕೋಸು, ಹೂಕೋಸಿನ ಹೊಲ, ಬೇಲಿಯಿಲ್ಲ, ಮರವಿಲ್ಲ. ಚಿಕ್ಕ ಗಿಯರ್‌ಗೆ ಇಳಿಸಿ, ಮುಂದೆ ಬಾಗಿ, ಸುಮ್ನೆ ತುಳಿಯುತ್ತಾ ಹೋಗುವುದು ಅಷ್ಟೇ. ಮಗಳನ್ನು ನನ್ನ ಹಿಂದೆಯೇ ಬರಲು ಹೇಳಿದೆ, ಗಾಳಿಗೆ ನಾನು ಮರೆ. ಅರ್ಧ ಗಂಟೆ ಆದಮೇಲೆ ಅವಳೇ ಮುಂದೆ ಬಂದಳು. "ಈಗ ನೀನು ನನ್ನ ಹಿಂದೆ ಬಾಮ್ಮಾ" ಅಂದಳು. ಅವಳ ಬೆನ್ನು ಎಷ್ಟಿದೆ, ಎಷ್ಟು ಗಾಳಿ ತಡೆದೀತು! ಆದರೂ ಹಿಂದೆಯೇ ಹೋದೆ.

ರಿಕಲ್ವರ್‌ನ ಜೋಡಿ ಗೋಪುರ ದೂರದಿಂದಲೇ ಕಾಣುತ್ತದೆ. ರೋಮನ್ನರ ಕೋಟೆಯೊಳಗೆ ಕಟ್ಟಿದ್ದ ಚರ್ಚಿನದು. ಕೋಟೆಯ ಅರ್ಧ ಭಾಗವನ್ನು ಸಮುದ್ರ ತಿಂದಿದೆ. ಚರ್ಚನ್ನು 1809ರಲ್ಲಿ ಕೆಡವಿದರೂ ಗೋಪುರ ಉಳಿಸಿಕೊಂಡರು, ಹಡಗಿನವರಿಗೆ ದಿಕ್ಕಿನ ಗುರುತು ಅಂತ. ಅದರ ನೆರಳಲ್ಲಿ ಪುಳಿಯೋಗರೆ ಮುಗಿಸಿದೆವು.

ಅಲ್ಲಿಂದ ಮಿನಿಸ್ ಬೇ ತನಕ ತಡೆಗೋಡೆಯ ದಾರಿ ಸುಮಾರು 6 ಕಿಲೋಮೀಟರ್. ಒಂದೇ ಒಂದು ಗಾಡಿ ಇಲ್ಲ, ಒಂದು ಏರಿಲ್ಲ. ಎಡಕ್ಕೆ ಸಮುದ್ರ, ಬಲಕ್ಕೆ ಜೌಗು ಹೊಲ. ಗಾಳಿ ಬೆನ್ನಿಗೆ ಬಂದ ತಕ್ಷಣ ಕಿವಿಯಲ್ಲಿ ಬೆಳಗಿನಿಂದ ಇದ್ದ ಗುಂಯ್ ಅನ್ನುವ ಸದ್ದು ನಿಂತೇಹೋಯಿತು. ಚೈನಿನ ಶಬ್ದ ಕೇಳಿಸಿತು. ಲಂಡನ್ನಿನಲ್ಲಿ ನಾವು ಯಾವಾಗಲೂ ಒಬ್ಬರ ಹಿಂದೆ ಒಬ್ಬರು ಹೋಗುತ್ತೇವೆ. ನಾನು ಆಡುವ ಮಾತೆಲ್ಲ ಬರೀ "ನಿಲ್ಲು", "ಎಡಕ್ಕೆ", "ನೋಡ್ಕೊಂಡು". ಇಲ್ಲಿ ಅವಳು ಪಕ್ಕಕ್ಕೆ ಬಂದಳು. ಇಬ್ಬರ ಹ್ಯಾಂಡಲ್ ನಡುವೆ ಒಂದು ಮೊಳ. ಹೊಸ ಶಾಲೆಯಲ್ಲಿ ಮಧ್ಯಾಹ್ನ ಊಟಕ್ಕೆ ಯಾರ ಜೊತೆ ಕೂರಬೇಕು ಅಂತ ಗೊತ್ತಾಗದೆ ಲೈಬ್ರರಿಗೆ ಹೋಗಿಬಿಡುತ್ತಿದ್ದಳಂತೆ, ಮೂರು ತಿಂಗಳಿಂದ. ನನ್ನ ಮುಖ ನೋಡದೆ, ದಾರಿ ನೋಡುತ್ತಲೇ ಹೇಳಿದಳು. ನಾನೂ ದಾರಿ ನೋಡುತ್ತಲೇ ಕೇಳಿದೆ. ಮಿನಿಸ್ ಬೇ ಬಂದದ್ದೇ ತಿಳಿಯಲಿಲ್ಲ.

ಬರ್ಚಿಂಗ್ಟನ್ ಹತ್ತಿರ ಮತ್ತೆ ಬಿಳಿ ಬಂಡೆ ಶುರುವಾಯಿತು. ಬಿಸಿಲು ವಾಲಿ ಅದು ಹಳದಿಗೆ ತಿರುಗಿತ್ತು. ಮಾರ್ಗೇಟ್‌ನಲ್ಲಿ ಚಿಪ್ಸ್ ತಿಂದು ರೈಲು ಹತ್ತಿದೆವು.

ಮನೆಗೆ ಬಂದ ರಾತ್ರಿಯೇ ಸೈಕಲ್ ತೊಳೆಯಬೇಕು, ನಾಳೆ ಅನ್ನಬೇಡಿ. ಉಪ್ಪಿನ ಗಾಳಿಗೆ ಚೈನು ಎರಡೇ ದಿನದಲ್ಲಿ ತುಕ್ಕು ಹಿಡಿಯುತ್ತದೆ. ಸುಣ್ಣದ ಧೂಳು ಒದ್ದೆಯಾಗಿ ಗಾರೆಯ ಹಾಗೆ ಬ್ರೇಕಿನೊಳಗೆ ಕೂತಿರುತ್ತದೆ. ಉಗುರುಬೆಚ್ಚಗಿನ ನೀರು, ಹಳೇ ಹಲ್ಲುಜ್ಜುವ ಬ್ರಶ್ಶು, ಒಣಬಟ್ಟೆ, ಆಮೇಲೆ ಚೈನಿನ ಪ್ರತಿ ಕೊಂಡಿಗೂ ಒಂದೊಂದು ಹನಿ ಎಣ್ಣೆ. ಮಗಳು ಪೆಡಲ್ ತಿರುಗಿಸುತ್ತಿದ್ದಳು, ನಾನು ಎಣ್ಣೆ ಬಿಡುತ್ತಿದ್ದೆ. ಬಕೆಟಿನ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿತ್ತು.