ಮಡಚೋ ಚಾಕು ಕೂಡಿಸೋ ಹುಚ್ಚಿರೋರಿಗೆ

ಮಳೆಗಾಲದಾಗ ಚಾಕು ತುಕ್ಕು ಹಿಡಿತಾವ, ಏನ್ ಮಾಡೋದು ಅಂತ ಮೊನ್ನೆ ಒಬ್ರು ಕೇಳಿದ್ರಲ್ರೀ, ಅದಕ್ಕ ಬರ್ಯಾಕತ್ತೀನಿ.

ಹಳೇ ನಮೂನಿ ಕಾರ್ಬನ್ ಸ್ಟೀಲ್ (ಸ್ಟೇನ್‌ಲೆಸ್ ಅಲ್ಲದ, ತುಕ್ಕು ಹಿಡಿಯೋ ಉಕ್ಕು) ಅಲಗು ದಾಳಿಂಬ್ರಿ, ನಿಂಬಿಹಣ್ಣು ಕೊಯ್ದಂಗ ಬೂದಿ-ನೀಲಿ ಬಣ್ಣಕ್ಕ ತಿರುಗ್ತೈತಿ. ಅದು ಕೆಟ್ಟದ್ದಲ್ಲ, ತಿಕ್ಕಿ ತೆಗೀಬ್ಯಾಡ್ರಿ. ಕೆಂಪು ತುಕ್ಕು ಬಂದ್ರಷ್ಟ ತೆಗೀರಿ. ಕೆಲಸ ಆದ ಕೂಡ್ಲೆ ಒರಸಿ, ಕೀಲಿನೊಳಗ ಒಂದು ಹನಿ ಹೊಲಿಗಿ ಮಷೀನ್ ಎಣ್ಣಿ ಬಿಡ್ರಿ. ಮನ್ಯಾಗ ಐತಲ್ಲ ಅಂತ ಕುಸುಬಿ ಎಣ್ಣಿ ಹಚ್ಚಿ ನಾ ಕೆಟ್ಟೀನಿ. ಒಣಗಿ ಅಂಟಾಗಿ, ಅಲಗು ಬಿಚ್ಚಾಕ ಹೋಗಿ ಹೆಬ್ಬೆರಳಿನ ಉಗುರ ಮುರೀತು. ಚರ್ಮದ ಚೀಲದಾಗ ಇಟ್ಟು ಮರೀಬ್ಯಾಡ್ರಿ, ಅದು ತೇವ ಹಿಡಿತೈತಿ. ಫ್ರಾನ್ಸಿನ ಒಪಿನೆಲ್ ಚಾಕು 1890ರಿಂದ ಬಂದದ್ದು, ಕಟ್ಟಿಗಿ ಹಿಡಿ. ನೀರಾಗ ನೆನೆಸಿದ್ರ ಹಿಡಿ ಉಬ್ಬಿ ಅಲಗು ಬಿಗೀತೈತಿ.

ಇನ್ನ ಕೊಳ್ಳೋ ಚಟ. ಖರೇ ಹೇಳ್ಬೇಕಂದ್ರ ನಮಗ ರುಚಿ ಹತ್ತೋದು ಹುಡುಕೋದ್ರಾಗ. ಪಾರ್ಸಲ್ ಬಿಚ್ಚಿ, ನಾಕ ಸಲ ಟಕ್ ಅಂತ ಮಡಚಿ, ಆಮ್ಯಾಲ ಡಬ್ಬಿಗೆ. ಅದಕ್ಕ ಹೊಸಾದು ತಗೊಳ್ಳೋಕಿಂತ ಮೊದ್ಲ ಇದ್ದದ್ರಾಗ ಒಂದನ್ನ ತಿಂಗಳಗಟ್ಟಲೆ ಕಿಸೆದಾಗ ಇಟ್ಕೊಂಡು ಬಳಸ್ತೀನಿ. ಅರ್ಧಕ್ಕರ್ಧ ಆಸೆ ಅಲ್ಲೇ ಇಳೀತೈತಿ. ನಮ್ಮಜ್ಜ ಕೊಪ್ಪಳ ಸಂತ್ಯಾಗ ಕೊಂಡ ಚಾಕು ಒಂದೈತಿ, ಸಾಣಿ ಹಿಡಿದೂ ಹಿಡಿದೂ ಅಲಗು ಅರ್ಧ ಸವದೈತಿ, ಹಿಡಿ ಮ್ಯಾಲ ಅವನ ಹೆಬ್ಬೆರಳಿನ ತಗ್ಗು. ಅದರ ಮುಂದ ನನ್ನ 14 ಹೊಸಾವು ಸಪ್ಪಗ ಕಾಣ್ತಾವ.

ವಿಮಾನಕ್ಕ ಹೋಗೋರು ಕಿಸೆ ನೋಡ್ಕೋರಿ. ನಂದೊಂದು ತಪಾಸಣಿ ಕಡೇನ ಉಳೀತು.