ಅಬ್ಖಾಜಿಯಾ ಚುನಾವಣೆಯ ಫಲಿತಾಂಶ ಓದುವುದು ಹೇಗೆ?

"ಶೇಕಡಾ ಇಷ್ಟು ಮತದಾನ, ಇಂಥ ಪಕ್ಷ ಮುಂದೆ." ಜಾರ್ಜಿಯಾದಿಂದ ಸಿಡಿದುಹೋದ ಅಬ್ಖಾಜಿಯಾದ ಸಂಸತ್ ಚುನಾವಣೆಯನ್ನು ಹೀಗೆ ಒಂದೇ ಸಾಲಿನಲ್ಲಿ ಮುಗಿಸುವವರೇ ಹೆಚ್ಚು. ಆ ಸಾಲಿನ ಎರಡು ಭಾಗಗಳೂ ದಾರಿ ತಪ್ಪಿಸುತ್ತವೆ.

ಹಂತ 1: ಊರಿನ ಹೆಸರು ನೋಡಿ. ರಾಜಧಾನಿಗೆ ಜಾರ್ಜಿಯನ್ನರು ‘ಸೊಖುಮಿ’ ಅಂದರೆ ಅಬ್ಖಾಜ್ ಭಾಷೆಯಲ್ಲಿ ಅದು ‘ಅಕ್ವಾ’. ವರದಿ ಯಾರ ಕಡೆಯದು ಎಂಬುದಕ್ಕೆ ಇದು ಸುಳಿವು ಮಾತ್ರ.

ಹಂತ 2: ಮತದಾರರ ಪಟ್ಟಿ. ಎಲ್ಲರೂ ಎಡವುವುದು ಇಲ್ಲೇ. 1989ರ ಜನಗಣತಿಯಲ್ಲಿ ಇಲ್ಲಿ 5,25,061 ಜನರಿದ್ದರು. ಅವರಲ್ಲಿ ಜಾರ್ಜಿಯನ್ನರು ಶೇ 45.7, ಅಬ್ಖಾಜರು ಶೇ 17.8. 1992–93ರ ಯುದ್ಧದಲ್ಲಿ ಜಾರ್ಜಿಯನ್ನರಲ್ಲಿ ಹೆಚ್ಚಿನವರು ಊರು ಬಿಡಬೇಕಾಯಿತು. ಅಬ್ಖಾಜ್ ಆಡಳಿತದ 2011ರ ಗಣತಿಯ ಒಟ್ಟು ಲೆಕ್ಕ 2,40,705. ಅಂದರೆ 1989ರಲ್ಲಿ ಇದ್ದ ಜಾರ್ಜಿಯನ್ನರಷ್ಟೇ 2011ರ ಇಡೀ ಜನಸಂಖ್ಯೆ! ನಿರಾಶ್ರಿತರು ಪಟ್ಟಿಯಲ್ಲೇ ಇಲ್ಲ. ಜಾರ್ಜಿಯಾ ಗಡಿಯ ಗಾಲಿ ಜಿಲ್ಲೆಯಲ್ಲಿ ಉಳಿದ ಜಾರ್ಜಿಯನ್ನರ ಅಬ್ಖಾಜ್ ಪಾಸ್‌ಪೋರ್ಟ್ ಸಕ್ರಮವಲ್ಲ ಎಂಬ ತಕರಾರು: 2014ರ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಅಲ್ಲಿನ 22,000ಕ್ಕೂ ಹೆಚ್ಚು ಹೆಸರುಗಳನ್ನು ಪಟ್ಟಿಯಿಂದ ಕಿತ್ತುಹಾಕಲಾಯಿತು.

ಇದರ ಪರಿಣಾಮವನ್ನು ಕಾಗದದ ಮೇಲೆ ಹಾಕಿ ನೋಡಿ. 1,000 ಹೆಸರು, 500 ಮತ ಅಂದರೆ ಶೇ 50. ಮತ ಹಾಕದ 200 ಹೆಸರು ಅಳಿಸಿ: ಒಂದು ಮತವೂ ಹೆಚ್ಚದೆ ಶೇ 62.5! ಆದ್ದರಿಂದ ಶೇಕಡಾವಾರು ನೋಡುವ ಮೊದಲು ಎರಡು ಚುನಾವಣೆಗಳ ಪಟ್ಟಿಯ ಗಾತ್ರವನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. ಇದನ್ನು ಮಾಡದಿದ್ದರೆ ಉಳಿದದ್ದನ್ನು ಓದುವುದೇ ಬೇಡ.

ಹಂತ 3: ಎರಡು ವಾರ ಕಾಯಿರಿ. 35 ಸ್ಥಾನಗಳೂ ಏಕಸದಸ್ಯ ಕ್ಷೇತ್ರಗಳು. ನಮ್ಮಲ್ಲಿಯ ಹಾಗೆ ಒಂದು ಮತ ಮುಂದಿದ್ದರೆ ಗೆದ್ದಂತಲ್ಲ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ ಮತ್ತೊಂದು ಸುತ್ತು. 2022ರಲ್ಲಿ ಮಾರ್ಚ್ 12 ಮತ್ತು 26ರಂದು ಮತದಾನವಾಗಿತ್ತು. ಮೊದಲ ರಾತ್ರಿಯೇ ಬರುವ ಬಣ್ಣಬಣ್ಣದ ಪಕ್ಷವಾರು ನಕ್ಷೆಗಳನ್ನಂತೂ ಪಕ್ಕಕ್ಕಿಡಿ: ಹೆಚ್ಚಿನ ಅಭ್ಯರ್ಥಿಗಳು ಪಕ್ಷದ ಟಿಕೆಟ್ ಇಲ್ಲದೆ ನಾಗರಿಕ ಗುಂಪುಗಳ ಮೂಲಕ ನಿಂತವರು. ಪಕ್ಷ ಹುಡುಕುವ ಬದಲು ಅಧ್ಯಕ್ಷರ ಪರ ಯಾರು, ವಿರುದ್ಧ ಯಾರು ಎಂದು ಹೆಸರಿನ ಮುಂದೆ ಗುರುತು ಹಾಕಿ. 2014ರಲ್ಲಿ ಅಧ್ಯಕ್ಷ ಪದವಿ ಬಿಡಬೇಕಾಗಿ ಬಂದ ಅಲೆಕ್ಸಾಂಡರ್ ಅಂಕ್ವಾಬ್ 2017ರಲ್ಲಿ ಸಂಸದರಾಗಿ ಮರಳಿದ್ದು ಇಂಥ ಗುರುತಿನಲ್ಲಷ್ಟೇ ಕಾಣುತ್ತದೆ.

ಹಂತ 4: ಅಬ್ಖಾಜಿಯಾ ಸ್ವತಂತ್ರ ದೇಶ ಎಂಬ ಮಾನ್ಯತೆ. ರಷ್ಯಾ 2008ರಲ್ಲಿ ಕೊಟ್ಟಿತು. ನಿಕರಾಗುವಾ, ವೆನೆಜುವೆಲಾ, ನೌರು, ಸಿರಿಯಾ ಹಿಂಬಾಲಿಸಿದವು. ಭಾರತ ಕೊಟ್ಟಿಲ್ಲ.

ಹಾಗೆಂದು ಇದನ್ನು ರಷ್ಯಾದ ರಬ್ಬರ್ ಸ್ಟಾಂಪ್ ಸಂಸತ್ತು ಎಂದು ಬರೆದುಬಿಡಬೇಡಿ. ರಷ್ಯನ್ ಹೂಡಿಕೆ ಒಪ್ಪಂದವನ್ನು ವಿರೋಧಿಸಿದ ಜನ 2024ರ ನವೆಂಬರ್ 15ರಂದು ಸಂಸತ್ ಕಟ್ಟಡಕ್ಕೇ ನುಗ್ಗಿದರು. ನಾಲ್ಕು ದಿನಕ್ಕೆ ಅಧ್ಯಕ್ಷ ಅಸ್ಲಾನ್ ಬ್ಜಾನಿಯಾ ರಾಜೀನಾಮೆ ಕೊಟ್ಟರು. ಡಿಸೆಂಬರ್ 3ರಂದು, 2022ರಲ್ಲಿ ಆಯ್ಕೆಯಾದ ಅದೇ ಸಂಸತ್ತು ಒಪ್ಪಂದವನ್ನು ತಿರಸ್ಕರಿಸಿತು.